ಸೀಸನ್ ಶುರುವಾಗೋ ಮುಂಚೆ: ಸಿಮಿ ದ್ವೀಪದ ಮೇ, ಜೂನ್

(ಗ್ರಂಥಾಲಯವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗ್ರೀಸ್‌ನ ದ್ವೀಪ ಅಂದ ಕೂಡಲೇ ನಮಗೆ ನೆನಪಾಗೋದು ಸ್ಯಾಂಟೊರಿನಿ. ಬಿಳಿ ಗೋಡೆ, ನೀಲಿ ಗುಮ್ಮಟ, ಫೋಟೋಗೆ ನಿಂತ ನವದಂಪತಿ. ಅದನ್ನ ಇವತ್ತು ಬಿಟ್ಟುಬಿಡೋಣ. ನಾನು ಹೇಳಹೊರಟಿರೋದು ಸಿಮಿ ಅನ್ನೋ ಪುಟ್ಟ ದ್ವೀಪದ ಬಗ್ಗೆ. ಭೂಪಟದಲ್ಲಿ ಗ್ರೀಸ್‌ನ ಪೂರ್ವದ ಅಂಚಿಗೆ ಬನ್ನಿ. ರೋಡ್ಸ್ ಅಂತ ಒಂದು ದೊಡ್ಡ ದ್ವೀಪ ಕಾಣುತ್ತೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ಮೇಲೆ, ಟರ್ಕಿಯ ನೆಲಕ್ಕೆ ಅಂಟಿಕೊಂಡ ಹಾಗೆ ಒಂದು ಚುಕ್ಕೆ ಇದೆಯಲ್ಲ, ಅದೇ ಸಿಮಿ. ವಿಸ್ತೀರ್ಣ 58 ಚದರ ಕಿಲೋಮೀಟರ್. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ವಿಮಾನ ನಿಲ್ದಾಣ ಇಲ್ಲ. ಹೋಗಬೇಕಾದರೂ ಬರಬೇಕಾದರೂ ಹಡಗೇ ಗತಿ.

ಬೇಸಿಗೆ ಬಂತು ಅಂದರೆ ಇಂಥ ದ್ವೀಪದ ಜನಕ್ಕೆ ಹಬ್ಬ, ದಿನಾ ಸಂಜೆ ಹಾಡು ಕುಣಿತ, ಊರೆಲ್ಲ ಬೀದಿಯಲ್ಲೇ ಇರುತ್ತೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಹಾಗೇ ಕಾಣುತ್ತೆ ಕೂಡ. ಆದರೆ ಬೀದಿಯಲ್ಲಿ ಇರೋದು ಯಾರು? ಪ್ರವಾಸಿಗರು. ಊರಿನವರು ಅಡುಗೆ ಮನೆಯಲ್ಲಿ ಇದ್ದಾರೆ, ಟಿಕೆಟ್ ಕೌಂಟರ್‌ನಲ್ಲಿ ಇದ್ದಾರೆ, ದೋಣಿ ಓಡಿಸುತ್ತಿದ್ದಾರೆ, ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದಾರೆ. ಅಕ್ಕನ ಮನೆ ಹತ್ತು ಮೆಟ್ಟಿಲ ಕೆಳಗೇ ಇರುತ್ತೆ, ಕೂತು ಮಾತಾಡಿ ತಿಂಗಳಾಗಿರುತ್ತೆ.

ಹಾಗಾದರೆ ಅವರು ಒಬ್ಬರಿಗೊಬ್ಬರು ಸಿಗೋದು ಯಾವಾಗ? ಚಳಿಗಾಲದಲ್ಲಿ ಸಿಗುತ್ತಾರೆ, ಅದು ಬೇರೆ ಮಾತು. ಆದರೆ ಈಸ್ಟರ್ ಹಬ್ಬದಿಂದ ಜೂನ್ 24ರವರೆಗೆ ಒಂದಿಷ್ಟು ವಾರ ಬರುತ್ತವೆ. ಬಿಸಿಲು ಬಂದಿದೆ, ಜನ ಇನ್ನೂ ಪೂರ್ತಿ ಬಂದಿಲ್ಲ. ಆ ವಾರಗಳಲ್ಲಿ ಊರಿನವರು ಹುಡುಕಿಕೊಂಡು ಹೋಗಿ ಪರಸ್ಪರ ನೋಡಿ ಬರುತ್ತಾರೆ. ಆಮೇಲೆ ಸಿಗೋದಿಲ್ಲ ಅಂತ ಎಲ್ಲರಿಗೂ ಗೊತ್ತು. ನನ್ನ ಮಾತಿನ ಸಾರ ಇಷ್ಟೇ: ಅಲ್ಲಿ ಬೇಸಿಗೆ ಅಂದರೆ ಅಗಲಿಕೆಯ ಕಾಲ. ಇದು ಟೂರಿಸಂನಿಂದ ಶುರುವಾಗಿದ್ದಲ್ಲ. ಅದಕ್ಕಿಂತ ತುಂಬಾ ಹಳೆಯದು.

ಸ್ವಲ್ಪ ಹಿಂದಕ್ಕೆ ಹೋಗೋಣ.

ಸಿಮಿಯ ಬಂದರಿಗೆ ಹಡಗು ತಿರುಗುತ್ತಿದ್ದ ಹಾಗೆ ಎರಡೂ ಪಕ್ಕದ ಗುಡ್ಡದಲ್ಲಿ ಮನೆಗಳು ಸಾಲುಸಾಲಾಗಿ ಹತ್ತಿ ನಿಂತಿರುತ್ತವೆ. ಬಿಳಿ ಅಲ್ಲ. ಕಾವಿ, ತಿಳಿ ಹಳದಿ, ಕೆನೆ ಬಣ್ಣ. ಹೆಚ್ಚಿನ ಮನೆಗಳ ನೆತ್ತಿಯ ಮೇಲೆ ಗ್ರೀಕ್ ಗುಡಿಗಳಿಗೆ ಇರೋ ಥರದ ತ್ರಿಕೋನ. ಇವತ್ತು ಆ ಮನೆಗೆ ಬೇರೆ ಬಣ್ಣ ಬಳಿಯಬೇಕೆಂದರೂ ಸುಮ್ನೆ ಬಳಿಯೋ ಹಾಗಿಲ್ಲ, ಇಡೀ ಊರು ಕಾನೂನಿನ ರಕ್ಷಣೆಯಲ್ಲಿದೆ. ಕಲ್ಲುಗುಡ್ಡದ ದ್ವೀಪ, ಕುಡಿಯೋ ನೀರಿಗೂ ಒಂದು ಕಾಲದಲ್ಲಿ ಹೊರಗಿನ ಹಡಗು ಬರಬೇಕಿತ್ತು. ಇಂಥ ಕಡೆ ಈ ಸಿರಿವಂತ ಮನೆಗಳು ಹೇಗೆ ಬಂದವು?

ಸ್ಪಂಜಿನಿಂದ. ಸಮುದ್ರದ ತಳದಲ್ಲಿ ಬೆಳೆಯುವ ನಿಜವಾದ ಸ್ಪಂಜು. ಸಿಮಿಯವರು ಅದನ್ನು ಕಿತ್ತು ತರೋದರಲ್ಲಿ ಎತ್ತಿದ ಕೈ. ಮೊದಮೊದಲು ಕೈಯಲ್ಲಿ ಚಪ್ಪಟೆ ಕಲ್ಲು ಹಿಡಿದು, ಅದರ ಭಾರಕ್ಕೆ ಸರ್ರಂತ ತಳಕ್ಕೆ ಇಳಿದು, ಒಂದೇ ಉಸಿರಲ್ಲಿ ಸಿಕ್ಕಷ್ಟು ಕಿತ್ತು, ಹಗ್ಗ ಎಳೆಸಿಕೊಂಡು ಮೇಲೆ ಬರುತ್ತಿದ್ದರು. 1860ರ ದಶಕದಲ್ಲಿ ತಾಮ್ರದ ಟೋಪಿ, ರಬ್ಬರ್ ಅಂಗಿಯ ಡೈವಿಂಗ್ ಸೂಟು ಬಂತು. ಅದನ್ನು ತಂದವನು ಸಿಮಿಯವನೇ ಆದ ಫೋಟಿಸ್ ಮಾಸ್ತೊರಿಡಿಸ್. ಜನ ನಂಬಲಿಲ್ಲವಂತೆ. ಅವನ ಹೆಂಡತಿ ಎವ್‌ಗೆನಿಯಾ ತಾನೇ ಅದನ್ನು ತೊಟ್ಟು ಬಂದರಿನ ನೀರಿಗೆ ಇಳಿದು ತೋರಿಸಿದಳು ಅಂತ ಆ ಊರಿನ ಕಥೆ. ಗಂಡಸರು ಹೆದರಿ ನಿಂತಾಗ ಹೆಂಗಸು ಇಳಿದದ್ದು ನನಗಂತೂ ಇಷ್ಟವಾದ ಕಥೆ.

ಸೂಟು ಬಂದ ಮೇಲೆ ದುಡ್ಡು ಹರಿಯಿತು. ಜೊತೆಗೆ ಸಾವೂ ಬಂತು. ಆಳದಿಂದ ಬೇಗ ಮೇಲೆ ಬಂದರೆ ರಕ್ತದಲ್ಲಿ ಸಾರಜನಕ ಗುಳ್ಳೆಯಾಗಿ ದೇಹ ಲಕ್ವ ಹೊಡೆಯುತ್ತೆ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಏಜಿಯನ್ ದ್ವೀಪಗಳ ಸಾವಿರಾರು ಯುವಕರು ಸತ್ತರು, ಇನ್ನೂ ಹೆಚ್ಚು ಜನ ಕೈಕಾಲಿನ ಸ್ವಾಧೀನ ಕಳೆದುಕೊಂಡರು. ಅದೇ ಕಡೆಯ ಕಲಿಮ್ನೋಸ್ ದ್ವೀಪದಲ್ಲಿ ಇವತ್ತಿಗೂ ಒಂದು ಕುಣಿತ ಇದೆ. ಸಾಲಿನ ಮುಂದಿನವನು ಕೋಲು ಹಿಡಿದು, ಕಾಲು ನಡುಗಿಸುತ್ತಾ, ಲಕ್ವ ಹೊಡೆದ ಡೈವರ್‌ನ ಹಾಗೆ ಕುಣಿಯುತ್ತಾನೆ. ಹಬ್ಬದ ಕುಣಿತವೇ ಅದು.

ಈ ಸ್ಪಂಜಿನ ದೋಣಿಗಳು ಹೊರಡುತ್ತಿದ್ದದ್ದು ಈಸ್ಟರ್ ಮುಗಿದ ಮೇಲೆ. ಲಿಬಿಯಾ, ಈಜಿಪ್ಟ್, ಟ್ಯುನೀಷಿಯಾ ತೀರಕ್ಕೆ. ವಾಪಸ್ ಬರೋದು ಅಕ್ಟೋಬರ್‌ಗೆ. ಹೊರಡೋ ಮುಂಚೆ ಡೈವರ್‌ಗಳಿಗೆ ಮುಂಗಡ ಹಣ ಕೊಡುತ್ತಿದ್ದರು. ಅದರಲ್ಲಿ ಮನೆ ಖರ್ಚಿಗೆ ಒಂದು ಪಾಲು. ಉಳಿದದ್ದನ್ನು ಅವರು ಏನು ಮಾಡುತ್ತಿದ್ದರು? ಖರ್ಚು. ಧಾರಾಳವಾಗಿ, ಎರಡೂ ಕೈಯಲ್ಲಿ. ಇಡೀ ಅಂಗಡಿಗೆ ಕುಡಿಸೋದು, ವಾದ್ಯದವರಿಂದ ಬೆಳಗಾಗೋವರೆಗೆ ಬಿಡದೆ ಬಾರಿಸಿಸೋದು. ಮೇಷ್ಟರುಗಳಿಗೆ, ಪಾದ್ರಿಗಳಿಗೆ ಇದು ದುಂದುಗಾರಿಕೆಯಾಗಿ ಕಂಡಿರಬಹುದು. ಆದರೆ ಅಕ್ಟೋಬರ್‌ಗೆ ವಾಪಸ್ ಬರುತ್ತೀನೋ ಇಲ್ಲವೋ ಗೊತ್ತಿಲ್ಲದವನು ಯಾರಿಗೆ ಅಂತ ಕೂಡಿಡಬೇಕು? ಈಸ್ಟರ್ ಆದ ಮೇಲಿನ ಆ ಕೆಲವು ದಿನ ಊರಿಗೆ ಊರೇ ಸೇರುತ್ತಿತ್ತು. ಆಮೇಲೆ ಗಂಟೆ ಬಾರಿಸಿ ದೋಣಿಗಳನ್ನು ಬೀಳ್ಕೊಟ್ಟರೆ ಆರು ತಿಂಗಳು ಊರಲ್ಲಿ ಉಳಿಯೋದು ಹೆಂಗಸರು, ಮಕ್ಕಳು, ಮುದುಕರು.

ನಮ್ಮ ಮಲ್ಪೆ, ಮಂಗಳೂರು ಕಡೆಯವರು ಇಲ್ಲಿ ಇದ್ದರೆ ಇದು ತಕ್ಷಣ ಅರ್ಥವಾಗುತ್ತೆ. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡ ಸೇರುತ್ತೆ, ಗಂಡಸರು ಮನೆ ಸೇರುತ್ತಾರೆ. ಸಿಮಿಯದು ಪೂರ್ತಿ ತಿರುಗು ಮುರುಗು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಮನೆಗಳು ತುಂಬುವ ಹೊತ್ತಿಗೆ ಅಲ್ಲಿನ ಮನೆಗಳು ಖಾಲಿಯಾಗುತ್ತಿದ್ದವು.

ಅದೇ ಥರದ ಒಂದು ಯಾನದಲ್ಲಿ, 1900ರ ವಸಂತದಲ್ಲಿ, ಕ್ಯಾಪ್ಟನ್ ದಿಮಿತ್ರಿಯೋಸ್ ಕೊಂಡೋಸ್ ಅವರ ಸಿಮಿ ದೋಣಿ ಬಿರುಗಾಳಿಗೆ ಸಿಕ್ಕಿ ಆಂಟಿಕಿಥೆರಾ ದ್ವೀಪದ ಮರೆಗೆ ಬಂತು. ಎಲಿಯಾಸ್ ಸ್ಟಾಡಿಯಾಟಿಸ್ ಅನ್ನೋ ಡೈವರ್ ನೀರಿಗಿಳಿದವನು ಗಾಬರಿಯಿಂದ ಮೇಲೆ ಬಂದ. ತಳದಲ್ಲಿ ಹೆಣಗಳ ರಾಶಿ ಇದೆ ಅಂದ. ಹೆಣಗಳಲ್ಲ, ಎರಡು ಸಾವಿರ ವರ್ಷದ ಹಿಂದೆ ಮುಳುಗಿದ ಹಡಗಿನ ಪ್ರತಿಮೆಗಳು. ಆಂಟಿಕಿಥೆರಾ ಯಂತ್ರ ಅಂತ ಪ್ರಸಿದ್ಧವಾದ, ಗ್ರಹಗತಿ ಲೆಕ್ಕ ಹಾಕುವ ಹಲ್ಲುಚಕ್ರದ ಯಂತ್ರ ಸಿಕ್ಕಿದ್ದು ಅಲ್ಲೇ. ಇದು ವಿಷಯಾಂತರ, ಗೊತ್ತು. ಆದರೆ ಸಿಮಿ ಬಗ್ಗೆ ಮಾತಾಡಿ ಇದನ್ನು ಹೇಳದೆ ಹೋದರೆ ಆ ಊರಿನವರು ಒಪ್ಪೋದಿಲ್ಲ.

ಗಂಡಸರು ಅರ್ಧ ವರ್ಷ ಇಲ್ಲದ ಊರಿನಲ್ಲಿ ಬದುಕು ನಡೆಯೋದು ಹೆಂಗಸರ ಅಂಗಳದಲ್ಲಿ. ಈ ಭಾಗದ ದ್ವೀಪಗಳಲ್ಲಿ ಮನೆ ತಾಯಿಯಿಂದ ಮಗಳಿಗೆ ಹೋಗುವ ರೂಢಿ ಇತ್ತು. ಮದುವೆಯಾದ ಗಂಡು ಹೆಣ್ಣಿನ ಕಡೆಯ ಮನೆಗೆ ಬಂದು ಸೇರುತ್ತಾನೆ. ಹಾಗಾಗಿ ಒಂದು ಓಣಿಯಲ್ಲಿ ತಾಯಿ, ಮಗಳು, ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಅಕ್ಕಪಕ್ಕ. ನಡುವೆ ಕಪ್ಪು ಬಿಳಿ ಬೆಣಚುಕಲ್ಲು ಜೋಡಿಸಿ ಚಿತ್ತಾರ ಬಿಡಿಸಿದ ಅಂಗಳ. ಆ ಅಂಗಳಗಳು ಈಗಲೂ ಇವೆ.

ಆಮೇಲೆ ಕಾಲ ಬದಲಾಯಿತು. ಅಲ್ಲಿವರೆಗೆ ತುರ್ಕರ ಒಟ್ಟೋಮನ್ ಆಳ್ವಿಕೆಯಲ್ಲಿದ್ದ ದ್ವೀಪಕ್ಕೆ 1912ರಲ್ಲಿ ಇಟಲಿಯವರು ಬಂದರು. ಟರ್ಕಿಯ ಜೊತೆಗಿನ ಹಳೆಯ ಓಡಾಟ ಕಡಿಯಿತು. ಸ್ಪಂಜಿನ ವ್ಯಾಪಾರ ಇಳಿಯಿತು, ಕೃತಕ ಸ್ಪಂಜು ಬಂದು ಇನ್ನಷ್ಟು ಇಳಿಯಿತು. ಒಂದು ಕಾಲದಲ್ಲಿ 20 ಸಾವಿರಕ್ಕೂ ಜಾಸ್ತಿ ಜನ ಇದ್ದ ದ್ವೀಪ ಬರಿದಾಯಿತು. ಅಮೆರಿಕದ ಫ್ಲೋರಿಡಾದಲ್ಲಿ ಟಾರ್ಪನ್ ಸ್ಪ್ರಿಂಗ್ಸ್ ಅಂತ ಊರಿದೆ. 1905ರಿಂದ ಈ ದ್ವೀಪಗಳ ಡೈವರ್‌ಗಳು ಅಲ್ಲಿಗೆ ಹೋಗಿ ನೆಲೆಸಿದರು. ಅವರ ಮೊಮ್ಮಕ್ಕಳು ಈಗ ರಜೆಗೆ ಬರುತ್ತಾರೆ.

ಸರಿ, ಈಗಿನ ಮೇ ತಿಂಗಳಿಗೆ ಬರೋಣ.

ಮೇ 1. ಬೆಳಿಗ್ಗೆ ಜನ ಗುಡ್ಡಕ್ಕೆ ಹೋಗಿ ಕಾಡು ಹೂ ಕಿತ್ತು ತರುತ್ತಾರೆ. ಗಸಗಸೆ ಜಾತಿಯ ಕೆಂಪು ಹೂ, ಹಳದಿ ಸೇವಂತಿಗೆ, ಎಳೆ ಗೋಧಿ ತೆನೆ, ಕೆಲವು ಕಡೆ ದೃಷ್ಟಿ ತಾಗದಿರಲಿ ಅಂತ ಒಂದು ಬೆಳ್ಳುಳ್ಳಿ ಗಡ್ಡೆ. ಇವನ್ನೆಲ್ಲ ಬಳ್ಳಿಗೆ ಸುತ್ತಿ ಸಿಂಬಿಯ ಹಾಗೆ ಮಾಡಿ ಬಾಗಿಲಿಗೆ ನೇತುಹಾಕುತ್ತಾರೆ. ದೋಣಿಯ ಮೂತಿಗೂ ಕಟ್ಟೋದುಂಟು. ಇದನ್ನು ನೆನಪಿಟ್ಟುಕೊಳ್ಳಿ, ಜೂನ್‌ನಲ್ಲಿ ಇದು ಮತ್ತೆ ಬೇಕಾಗುತ್ತೆ. ಅದೇ ದಿನ ಗ್ರೀಸ್‌ನಲ್ಲಿ ಕಾರ್ಮಿಕರ ದಿನವೂ ಹೌದು. ದ್ವೀಪದಲ್ಲಿ ಅದಕ್ಕೆ ಸ್ವಲ್ಪ ವ್ಯಂಗ್ಯದ ಬಣ್ಣ ಇದೆ. ಯಾಕೆಂದರೆ ಅಕ್ಟೋಬರ್‌ವರೆಗೆ ರಜೆ ಅನ್ನೋ ಮಾತು ಮತ್ತೆ ಬರೋದು ಕಷ್ಟ.

ಮೇ 8 ಸಿಮಿಗೆ ಬೇರೆಯೇ ಕಾರಣಕ್ಕೆ ದೊಡ್ಡ ದಿನ. 1945ರ ಆ ದಿನ, ಸಿಮಿ, ರೋಡ್ಸ್ ಎಲ್ಲ ಸೇರಿದ ಡೋಡೆಕನೀಸ್ ದ್ವೀಪಗಳಲ್ಲಿದ್ದ ಜರ್ಮನ್ ಸೇನೆಯ ದಂಡನಾಯಕ ಜನರಲ್ ಓಟೊ ವಾಗೆನರ್ ಶರಣಾಗತಿಗೆ ಸಹಿ ಹಾಕಿದ್ದು ಸಿಮಿಯ ಬಂದರಿನ ಒಂದು ಮನೆಯಲ್ಲಿ. ಆದರೂ ಈ ದ್ವೀಪಗಳು ಗ್ರೀಸ್‌ಗೆ ಅಧಿಕೃತವಾಗಿ ಸೇರಿದ್ದು 1948ರ ಮಾರ್ಚ್‌ನಲ್ಲಿ. ಇವತ್ತು ಆ ದಿನ ಬಂದರಿನಲ್ಲಿ ಶಾಲಾ ಮಕ್ಕಳ ಮೆರವಣಿಗೆ, ಹೂವಿನ ಹಾರ, ಭಾಷಣ. ಭಾಷಣ ಎಲ್ಲ ಕಡೆಯ ಭಾಷಣದ ಹಾಗೆ. ಮುಗಿದ ಮೇಲೆ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ, ಬಂದವರ ಜೊತೆ ಗಂಟೆಗಟ್ಟಲೆ ಕೂರೋದು ನಿಜವಾದ ಸಮಾರಂಭ.

ಈ ಹೊತ್ತಿಗೆ ಊರೆಲ್ಲ ಸುಣ್ಣ ಬಣ್ಣದ ವಾಸನೆ. ಪೆಡಿ ಅಂತ ಪಕ್ಕದಲ್ಲೊಂದು ಕೊಲ್ಲಿ ಇದೆ. ಅಲ್ಲಿ ದಡಕ್ಕೆ ಎಳೆದಿಟ್ಟ ದೋಣಿಗಳ ಹೊಟ್ಟೆ ಕೆರೆದು, ಪಾಚಿ ಚಿಪ್ಪು ಅಂಟದ ಹಾಗೆ ಬಣ್ಣ ಬಳಿಯುತ್ತಿರುತ್ತಾರೆ. ಹೋಟೆಲ್‌ನವರು ಕುರ್ಚಿ ಹೊರಗೆ ಹಾಕಿ ಉಜ್ಜುತ್ತಿರುತ್ತಾರೆ. ಬಂದರಿನ ಕೆಳ ಊರು ಯಾಲೋಸ್. ಗುಡ್ಡದ ಮೇಲಿನ ಹಳೆ ಊರು ಹೊರ್ಯೊ. ಎರಡಕ್ಕೂ ನಡುವೆ ಕಲಿ ಸ್ತ್ರಾತಾ ಅನ್ನೋ ಅಗಲವಾದ ಕಲ್ಲಿನ ಮೆಟ್ಟಿಲು, ಹತ್ತಿರ ಹತ್ತಿರ 500. ಆ ಮೆಟ್ಟಿಲ ಮೇಲೆ ವಾಹನ ಹೋಗಲ್ಲ. ಹಾಗಾಗಿ ಮರಳು, ಸಿಮೆಂಟು ಮೇಲಿನ ಮನೆಗಳಿಗೆ ಹೇಸರಗತ್ತೆಯ ಬೆನ್ನ ಮೇಲೆ ಹೋಗೋದನ್ನು ನೋಡಬಹುದು. ಕೆಲಸ ನಿಧಾನ. ಬಣ್ಣದ ಡಬ್ಬಿ ಹಿಡಿದು ಹತ್ತುವವನು ಇಳಿಯುವವನನ್ನು ಕಂಡು ನಿಲ್ಲುತ್ತಾನೆ. ಪೈಪು ಒಡೆದಿದ್ದು, ಮಗಳ ಪರೀಕ್ಷೆ, ಈ ಸಲ ಯಾವ ಹಡಗು ಎಷ್ಟು ದಿನ ಬರುತ್ತೆ ಅನ್ನೋದು, ಎಲ್ಲ ಅಲ್ಲೇ ಮೆಟ್ಟಿಲ ಮೇಲೆ ಮುಗಿಯಬೇಕು. ಪ್ರವಾಸಿಗೆ ಇದು ಸೋಮಾರಿತನ ಅನ್ನಿಸುತ್ತೆ. ನನಗೆ ಹಾಗನ್ನಿಸಲ್ಲ. ಆಗಸ್ಟ್‌ನಲ್ಲಿ ಇದೇ ಇಬ್ಬರು ತಲೆಯಾಡಿಸಿ ಓಡುತ್ತಾರೆ.

ಕಾಫಿ ಅಂಗಡಿಯ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಅಲ್ಲಿ ಅದಕ್ಕೆ ಕಾಫೆನಿಯೊ ಅನ್ನುತ್ತಾರೆ. ನಾಲ್ಕು ಮರದ ಮೇಜು, ನಾರು ಹೆಣೆದ ಕುರ್ಚಿ. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನುಣ್ಣಗೆ ಬೀಸಿದ ಪುಡಿ, ನೀರು, ಸಕ್ಕರೆ ಒಟ್ಟಿಗೇ ಹಾಕಿ ಕುದಿಸುತ್ತಾರೆ. ಸಕ್ಕರೆ ಆಮೇಲೆ ಹಾಕೋ ಹಾಗಿಲ್ಲ, ಕೇಳುವಾಗಲೇ ಹೇಳಬೇಕು: ಇಲ್ಲದ್ದು, ಮಧ್ಯಮ, ಸಿಹಿ. ಲೋಟ ನೀರು ಜೊತೆಗೆ ಬರಲೇಬೇಕು. ಒಂದು ಕಾಫಿಗೆ ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸಲ್ಲ. ಹುಡುಗರು ಈಗ ಐಸ್ ಹಾಕಿ ನೊರೆ ಬರಿಸಿದ ತಣ್ಣನೆ ಎಸ್‌ಪ್ರೆಸೊ ಕುಡಿಯುತ್ತಾರೆ. ಮುದುಕರು ತಾವ್ಲಿ ಆಡುತ್ತಾರೆ, ದಾಳ ಹಾಕಿ ಕಾಯಿ ನಡೆಸುವ ಆಟ. ಕಾಯಿಯನ್ನು ಮೆಲ್ಲಗೆ ಇಡೋದು ಅಲ್ಲಿ ಮರ್ಯಾದೆ ಅಲ್ಲ. ಟಪ್ಪಂತ ಹೊಡೆಯಬೇಕು.

ಇಲ್ಲಿ ನಡೆಯೋ ಒಂದು ಸಣ್ಣ ವ್ಯವಹಾರ ನೋಡಿ. ನೀವು ಕೂತಿದ್ದೀರಿ. ಮೂಲೆಯಲ್ಲಿ ಕೂತವನು ಅಂಗಡಿಯವನ ಕಡೆ ನೋಡಿ ನಿಮ್ಮ ಮೇಜಿನತ್ತ ಗಲ್ಲ ಎತ್ತುತ್ತಾನೆ, ಅಷ್ಟೇ. ನೀವು ದುಡ್ಡು ಕೊಡೋಕೆ ಹೋದರೆ ಆಗಿದೆ ಅನ್ನುತ್ತಾನೆ ಅಂಗಡಿಯವನು. ಯಾರು ಕೊಟ್ಟರು ಅಂತ ಕೇಳಿದರೆ ಕಣ್ಣಲ್ಲೇ ತೋರಿಸುತ್ತಾನೆ. ಆಗ ನೀವು ಲೋಟ ಎತ್ತಿ ಆ ಕಡೆ ಒಂದು ಸಲ ನೋಡಬೇಕು. ತಕ್ಷಣ ಎದ್ದು ಹೋಗಿ ಅವನ ಕಾಫಿಯ ದುಡ್ಡು ಕೊಟ್ಟರೆ ಅದು ಒರಟುತನ. ಲೆಕ್ಕ ಅಲ್ಲೇ ಚುಕ್ತಾ ಮಾಡಿ ಸಂಬಂಧ ಬೇಡ ಅಂದ ಹಾಗೆ. ಒಂದು ವಾರ ಬಿಟ್ಟು, ಮರೆತ ಹಾಗೆ ಮಾಡಿ, ಅವನಿಗೊಂದು ಕೊಡಿಸಬೇಕು. ಯಾರು ಯಾರಿಗೆ ಎಷ್ಟು ಬಾಕಿ ಅಂತ ಬರೆದಿಟ್ಟವರಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತೆ. ಇನ್ನು ನಾಲ್ಕು ತಿಂಗಳು ಕೂರೋಕೆ ಪುರುಸೊತ್ತಿಲ್ಲ ಅಂತ ಗೊತ್ತಿರುವ ಮೇ ತಿಂಗಳಲ್ಲಿ ಈ ಗಲ್ಲ ಎತ್ತುವ ಕೆಲಸ ಜೋರಾಗಿ ನಡೆಯೋದರಲ್ಲಿ ಆಶ್ಚರ್ಯ ಇಲ್ಲ. ಹಳೆಯ ಡೈವರ್‌ಗಳು ಮುಂಗಡ ಹಣದಲ್ಲಿ ಇಡೀ ಅಂಗಡಿಗೆ ಕುಡಿಸುತ್ತಿದ್ದದ್ದು ಇದರದೇ ದೊಡ್ಡ ರೂಪ ಅಂತ ನನಗೆ ಅನ್ನಿಸುತ್ತೆ.

ಮೇ 21 ಸಂತ ಕಾನ್‌ಸ್ಟಂಟೈನ್ ಮತ್ತು ಹೆಲೆನಾ ಅವರ ದಿನ. ಗ್ರೀಕರಿಗೆ ಹುಟ್ಟುಹಬ್ಬಕ್ಕಿಂತ ತಮ್ಮ ಹೆಸರಿನ ಸಂತರ ದಿನ ದೊಡ್ಡದು. ಕೊಸ್ತಾಸ್, ಎಲೆನಿ ಅನ್ನೋ ಹೆಸರು ಇಲ್ಲದ ಮನೆಯೇ ಕಡಿಮೆ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡೋ ರೂಢಿ ಇರೋದರಿಂದ ಒಂದೇ ಕುಟುಂಬದಲ್ಲಿ ನಾಲ್ಕು ಜನ ಕೊಸ್ತಾಸ್ ಸಿಕ್ಕರೂ ಸಿಕ್ಕರು. ಅವತ್ತು ಕರೆಯೋಲೆ ಇಲ್ಲ. ಬಾಗಿಲು ತೆರೆದಿರುತ್ತೆ, ನೀವೇ ಹೋಗಬೇಕು. ಕೈಯಲ್ಲಿ ಬೇಕರಿಯ ಸಿಹಿ ಡಬ್ಬಿ. ಆದರೆ ಖರ್ಚು ಹೆಸರಿನವರದೇ, ಅವರೇ ಎಲ್ಲರಿಗೂ ತಿನ್ನಿಸಬೇಕು, ಕುಡಿಸಬೇಕು. ಒಂದೇ ಸಂಜೆ ಆರೇಳು ಮನೆಗೆ ಹೋಗಬೇಕಾಗುತ್ತೆ. ಹೋಗದಿದ್ದರೆ ಬೇಜಾರು. ಆಗಸ್ಟ್ 15 ಮರಿಯಾ ಅವರ ದಿನ, ಅದೂ ದೊಡ್ಡದೇ. ಆದರೆ ಅವತ್ತು ಊರಿನ ಹೋಟೆಲುಗಳೆಲ್ಲ ತುಂಬಿ ತುಳುಕುತ್ತಿರುತ್ತವೆ. ಎಲೆನಿಗೆ ಸಿಗೋ ಬಿಡುವು ಮರಿಯಾಗೆ ಸಿಗಲ್ಲ.

ಈಸ್ಟರ್ ಆಗಿ 40ನೇ ದಿನ, ಗುರುವಾರ, ಕ್ರಿಸ್ತ ಸ್ವರ್ಗಕ್ಕೆ ಏರಿದ ದಿನ. ವರ್ಷದ ಮೊದಲ ಸಮುದ್ರ ಸ್ನಾನ ಅವತ್ತು. ಈ ಕಡೆಯ ದ್ವೀಪಗಳಲ್ಲಿ 40 ಅಲೆ ಲೆಕ್ಕ ಹಾಕಿ ಮೈಮೇಲೆ ಹಾಯಿಸಿಕೊಳ್ಳೋದು, ಅಥವಾ ಅಷ್ಟು ಅಲೆಯ ನೀರನ್ನು ಮನೆಗೆ ತರೋದು ಹಳೆಯ ಆಚಾರ. ಅಲ್ಲಿನ ಅಜ್ಜಿಯರು ಅದಕ್ಕೆ ಮುಂಚೆ ನೀರಿಗೆ ಕಾಲಿಡಲ್ಲ. ಇಂಗ್ಲೆಂಡ್, ಸ್ವೀಡನ್ ಕಡೆಯವರು ಏಪ್ರಿಲ್‌ನಲ್ಲೇ ಧುಮುಕಿ ಈಜುತ್ತಿದ್ದರೆ ದಡದಲ್ಲಿ ನಿಂತು ಇವರಿಗೆ ನೆಗಡಿ ಗ್ಯಾರಂಟಿ ಅಂತ ತಲೆ ಅಲ್ಲಾಡಿಸುತ್ತಾರೆ. ಆ ಗುರುವಾರ ಮಾತ್ರ ಅವರೇ ಚಡ್ಡಿ ಹಾಕಿದ ಮೊಮ್ಮಕ್ಕಳನ್ನು ಎಳೆದುಕೊಂಡು, ದೊಡ್ಡ ಟೋಪಿ ಹಾಕಿಕೊಂಡು, ಕತ್ತಿನವರೆಗೆ ನೀರಲ್ಲಿ ನಿಂತು ಮಾತಿಗೆ ಶುರು ಮಾಡುತ್ತಾರೆ. ಈಜೋದಿಲ್ಲ. ನಿಂತೇ ಇರುತ್ತಾರೆ. ಅಲ್ಲಿ ನಡೆಯೋ ಮಾತು ಊರಿನ ಅರ್ಧ ಸುದ್ದಿ.

ಇನ್ನು ಕೇಪರ್. ಇದು ಒಂದು ಥರ ಮುಳ್ಳುಬಳ್ಳಿ, ಕಲ್ಲಿನ ಸಂದಿಯಲ್ಲಿ ತಾನಾಗೇ ಬೆಳೆಯುತ್ತೆ. ಹೊರ್ಯೊದ ಕೋಟೆ ಹತ್ತಿರ ಬಿದ್ದ ಮನೆಗಳು ಜಾಸ್ತಿ. 1944ರಲ್ಲಿ ಜರ್ಮನ್ನರು ಹೋಗುವಾಗ ಕೋಟೆಯಲ್ಲಿದ್ದ ಮದ್ದುಗುಂಡು ಸ್ಫೋಟಿಸಿ ಸುತ್ತಲಿನ ಎಷ್ಟೋ ಮನೆ ನೆಲಸಮವಾದವು. ಆ ಮುರುಕು ಗೋಡೆಗಳಲ್ಲಿ ಕೇಪರ್ ಚೆನ್ನಾಗಿ ಬಂದಿದೆ. ಹೂವು ಅರಳೋ ಮುಂಚೆ ಮೊಗ್ಗು ಬಿಡಿಸಬೇಕು, ಮೆಣಸಿನ ಕಾಳಿನಷ್ಟಿದ್ದರೆ ಒಳ್ಳೆಯದು. ಬಿಸಿಲೇರೋ ಮುಂಚೆ ಹೆಂಗಸರು ಇಬ್ಬಿಬ್ಬರಾಗಿ ಹೋಗುತ್ತಾರೆ. ಮುಳ್ಳಿನಿಂದಾಗಿ ಒಂದೊಂದೇ ಕೀಳಬೇಕು, ಆತುರ ಮಾಡೋ ಹಾಗಿಲ್ಲ. ಮೂರು ದಿನ ಬಿಟ್ಟು ಅದೇ ಗಿಡಕ್ಕೆ ಹೋದರೆ ಮತ್ತೆ ಮೊಗ್ಗು. ತಂದು ಕೆಲವು ದಿನ ನೀರು ಬದಲಿಸಿ ನೆನೆಸಿ, ಕಹಿ ಹೋದ ಮೇಲೆ ಉಪ್ಪಿನಲ್ಲಿ ಹಾಕಿಡುತ್ತಾರೆ. ಬಾಟಲಿ ಲೆಕ್ಕದಲ್ಲಿ ನೋಡಿದರೆ ಲಾಭದ ಕೆಲಸ ಅಲ್ಲವೇ ಅಲ್ಲ. ಆದರೆ ಇಬ್ಬರು ಹೆಂಗಸರಿಗೆ ಎರಡು ಗಂಟೆ ಯಾರ ಕಿವಿಗೂ ಬೀಳದೆ ಮಾತಾಡೋಕೆ ಇದಕ್ಕಿಂತ ಒಳ್ಳೆಯ ನೆಪ ಆ ಊರಲ್ಲಿ ಬೇರೆ ಇಲ್ಲ.

ಈಸ್ಟರ್ ಆಗಿ 50ನೇ ದಿನ ಪೆಂಟಕೋಸ್ಟ್ ಭಾನುವಾರ. ಮಾರನೆ ದಿನ ಸೋಮವಾರ ಗ್ರೀಸ್‌ನಲ್ಲಿ ರಜೆ. ಮೂರು ದಿನ ಒಟ್ಟಿಗೆ ಸಿಗೋದರಿಂದ ಅಥೆನ್ಸ್‌ನವರು ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತಾರೆ, ಪಿರೇಯಸ್ ಬಂದರಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಸಿಮಿಯಲ್ಲಿ ಅವತ್ತು ಎಲ್ಲರೂ ಹೋಗೋದು ದ್ವೀಪದ ಇನ್ನೊಂದು ತುದಿಯ ಪಾನೋರ್ಮಿಟಿಸ್ ಮಠಕ್ಕೆ. ಅಲ್ಲಿ ದೇವದೂತ ಮೈಕೇಲನ ಆಳೆತ್ತರದ ಬೆಳ್ಳಿ ಹೊದಿಕೆಯ ಚಿತ್ರಪಟ ಇದೆ. ಅವನು ನಾವಿಕರನ್ನು ಕಾಯುವವನು. ಅವನಿಗೆ ಹರಕೆ ಏನು ಗೊತ್ತಾ? ಪೊರಕೆ. ಹೌದು, ಗುಡಿಸೋ ಪೊರಕೆ. ಜನ ಪೊರಕೆ ತಂದು ಒಪ್ಪಿಸುತ್ತಾರೆ. ಎಲ್ಲೋ ದೂರದಲ್ಲಿ ಬಾಟಲಿಯಲ್ಲಿ ಹರಕೆಯ ಚೀಟಿ ಹಾಕಿ ಸಮುದ್ರಕ್ಕೆ ಬಿಟ್ಟರೂ ತೇಲಿಕೊಂಡು ಇದೇ ಕೊಲ್ಲಿಗೆ ಬಂದು ಸೇರುತ್ತೆ ಅಂತ ನಂಬಿಕೆ. ಹಾಗೆ ಬಂದ ಬಾಟಲಿಗಳನ್ನು ಮಠದ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಜನ ಮಠದ ಕೋಣೆಗಳಲ್ಲೇ ರಾತ್ರಿ ಉಳಿಯುತ್ತಾರೆ. ಪಿಟೀಲು, ಲಾಉತೊ ಅನ್ನೋ ಉದ್ದ ಕತ್ತಿನ ತಂತಿವಾದ್ಯ ಹಿಡಿದವರು ಬಂದರೆ ಸೂಸ್ತಾ ಕುಣಿತ ಶುರು. ಎಳೆಯರು, ಮುದುಕರು ಕೈ ಕೈ ಹಿಡಿದು ಒಂದೇ ಸಾಲು.

ಮಧ್ಯ ಜೂನ್‌ಗೆ ಪ್ರಾಥಮಿಕ ಶಾಲೆ ಮುಗಿಯುತ್ತೆ. ಮಕ್ಕಳ ಕುಣಿತದ ಕಾರ್ಯಕ್ರಮಕ್ಕೆ ಅಪ್ಪ ಅಮ್ಮ ಅಂಗಡಿಯಿಂದ ಏಪ್ರನ್ ಬಿಚ್ಚದೆ ಓಡಿ ಬರುತ್ತಾರೆ. ಇಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು. ಗ್ರೀಸ್‌ನ ದ್ವೀಪಗಳಲ್ಲೆಲ್ಲ ಕೇಳಿಬರೋ ದೂರು ಇದು. ಹೊರಗಿನಿಂದ ಬಂದ ಮೇಷ್ಟರು, ಡಾಕ್ಟರು, ನರ್ಸುಗಳಿಗೆ ಮನೆ ಬಾಡಿಗೆಗೆ ಸಿಗೋದು ಚಳಿಗಾಲಕ್ಕೆ ಮಾತ್ರ. ಬೇಸಿಗೆಗೆ ಪ್ರವಾಸಿಗರು ದಿನಕ್ಕೆ ಕೊಡೋ ದುಡ್ಡಿನ ಮುಂದೆ ಅವರ ಸಂಬಳ ನಿಲ್ಲಲ್ಲ. ಕಿರಿಯ ತರಗತಿಗೆ ಪಾಠ ಮಾಡಿದ ಟೀಚರ್ ಇನ್ನೂ ಶಾಲೆ ನಡೀತಿರುವಾಗಲೇ ಗಂಟುಮೂಟೆ ಕಟ್ಟಬೇಕು. ಇನ್ನೊಂದು ಕಡೆ ಹೋಟೆಲ್ ಕೆಲಸಕ್ಕೆ ಜನ ಸಾಲದು. 2022ರಲ್ಲಿ ಗ್ರೀಸ್ ಬಾಂಗ್ಲಾದೇಶದ ಜೊತೆ ವರ್ಷಕ್ಕೆ 4,000 ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅತಿಥಿ ಸತ್ಕಾರಕ್ಕೆ ಹೆಸರಾದ ದ್ವೀಪಗಳು ತಮ್ಮ ಮಕ್ಕಳ ಟೀಚರ್‌ಗೆ ಒಂದು ಕೋಣೆ ಕೊಡೋಕೆ ಆಗದ ಸ್ಥಿತಿಗೆ ಬಂದಿವೆ. ಇದಕ್ಕೆ ನನಗೆ ನಗು ಬರಲ್ಲ.

ಕೊನೆಗೆ ಜೂನ್ 23ರ ರಾತ್ರಿ, ಸಂತ ಯೋಹಾನನ ದಿನದ ಹಿಂದಿನ ಸಂಜೆ. ಗ್ರೀಸ್‌ನ ಎಷ್ಟೋ ಊರುಗಳ ಹಾಗೆ ಇಲ್ಲಿನ ದ್ವೀಪಗಳಲ್ಲೂ ಓಣಿಗಳಲ್ಲಿ ಬೆಂಕಿ ಹಾಕುತ್ತಾರೆ. ಮೇ ಒಂದರಂದು ಬಾಗಿಲಿಗೆ ಕಟ್ಟಿದ ಹೂವಿನ ಸಿಂಬಿ ಒಣಗಿ ಗರಿಗರಿ ಆಗಿರುತ್ತಲ್ಲ, ಅದನ್ನು ತಂದು ಬೆಂಕಿಗೆ ಹಾಕುತ್ತಾರೆ. ಮಕ್ಕಳಾದಿಯಾಗಿ ಎಲ್ಲರೂ ಮೂರು ಸಲ ಬೆಂಕಿ ಹಾರುತ್ತಾರೆ. ಇದರ ಜೊತೆಗೆ ಕ್ಲಿಡೊನಾಸ್ ಅಂತ ಒಂದು ಆಟ. ಮದುವೆಯಾಗದ ಹುಡುಗಿಯರು ಬಾವಿಯಿಂದ ಮಣ್ಣಿನ ಗಡಿಗೆಯಲ್ಲಿ ನೀರು ತರಬೇಕು. ದಾರಿಯುದ್ದಕ್ಕೂ ಒಂದು ಮಾತು ಆಡೋ ಹಾಗಿಲ್ಲ. ಹುಡುಗರು ಸುಮ್ನೆ ಬಿಡ್ತಾರಾ? ನಗಿಸೋಕೆ, ಮಾತಾಡಿಸೋಕೆ ಏನೆಲ್ಲ ಕಪಿಚೇಷ್ಟೆ ಮಾಡುತ್ತಾರೆ. ಒಬ್ಬಳು ಬಾಯಿ ಬಿಟ್ಟರೆ ನೀರು ಚೆಲ್ಲಿ ಮತ್ತೆ ಹೋಗಿ ತರಬೇಕು. ಆ ಗಡಿಗೆಯಲ್ಲಿ ಒಬ್ಬೊಬ್ಬರೂ ಉಂಗುರ, ಗುಂಡಿ, ಓಲೆ ಹೀಗೆ ಒಂದೊಂದು ವಸ್ತು ಹಾಕಿ, ಕೆಂಪು ಬಟ್ಟೆ ಮುಚ್ಚಿ, ರಾತ್ರಿಯಿಡೀ ನಕ್ಷತ್ರದ ಕೆಳಗೆ ಇಡುತ್ತಾರೆ. ಮಾರನೆ ದಿನ ಒಂದೊಂದೇ ತೆಗೆಯುತ್ತಾ ಒಂದೊಂದು ಎರಡು ಸಾಲಿನ ಪದ ಹೇಳುತ್ತಾರೆ. ಯಾರ ವಸ್ತು ಬಂತೋ ಆ ಪದ ಅವಳ ಭವಿಷ್ಯ. ಪದಗಳಲ್ಲಿ ಅರ್ಧ ಒಲವು, ಅರ್ಧ ಕೀಟಲೆ. ಈಗ ಇದನ್ನು ಹೆಚ್ಚಾಗಿ ಊರಿನ ಸಾಂಸ್ಕೃತಿಕ ಸಂಘಗಳು ನಡೆಸುತ್ತವೆ. ಗಂಡು ಹುಡುಕೋಕೆ ಯಾರಿಗೂ ಗಡಿಗೆ ಬೇಕಿಲ್ಲ, ಮೊಬೈಲ್ ಇದೆ. ಆದರೂ ಕೀಟಲೆಯ ಪದ ಕೇಳೋಕೆ ಜನ ಸೇರುತ್ತಾರೆ.

ಅದಾದ ಮೇಲೆ ಊರು ಬಾಗಿಲು ಹಾಕಿಕೊಂಡ ಹಾಗೆ. ಬೆಳಿಗ್ಗೆ ರೋಡ್ಸ್‌ನಿಂದ ಹಡಗು ತುಂಬ ಜನ ಬರುತ್ತಾರೆ, ಸಂಜೆಗೆ ವಾಪಸ್. ಇತ್ತೀಚೆಗೆ ಏಳು ದಿನದ ಸುಲಭ ವೀಸಾ ಸಿಗೋದರಿಂದ ಟರ್ಕಿಯವರೂ ಜಾಸ್ತಿ. ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಗದ್ದಲ ಮಾಡಬಾರದು ಅಂತ ಗ್ರೀಸ್‌ನಲ್ಲಿ ಬೇಸಿಗೆಗೆ ನಿಯಮವೇ ಇದೆ. ಹೋಟೆಲ್‌ನವರು ಅಷ್ಟರಲ್ಲಿ ಒಂದು ಗಂಟೆ ಕಣ್ಣು ಮುಚ್ಚಿದರೆ ಪುಣ್ಯ. ಎಲ್ಲರೂ ಮತ್ತೆ ಒಟ್ಟಿಗೆ ಕಾಣಿಸೋದು ನವೆಂಬರ್ 8ಕ್ಕೆ, ಪಾನೋರ್ಮಿಟಿಸ್‌ನ ದೊಡ್ಡ ಜಾತ್ರೆಗೆ. ಒಂದು ಕಾಲದಲ್ಲಿ ಸ್ಪಂಜಿನ ದೋಣಿಗಳು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಿದ್ದವು.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನ ಒಬ್ಬರು, ಕಾಫಿ ಅಂಗಡಿಗೆ ಹೆಂಗಸರು ಹೋಗ್ತಾರಾ ಅಂತ ಕೇಳಿದರು. ಮೊದಲು ಹೋಗುತ್ತಿರಲಿಲ್ಲ, ಅದು ಗಂಡಸರ ಜಾಗ. ಈಗ ಹೋಗುತ್ತಾರೆ, ಅಂಗಡಿ ನಡೆಸುವವರಲ್ಲೂ ಹೆಂಗಸರಿದ್ದಾರೆ. ಆದರೂ ತಾವ್ಲಿ ಮೇಜಿನ ಸುತ್ತ ಇವತ್ತಿಗೂ ಮೀಸೆಗಳೇ ಜಾಸ್ತಿ.

ಯಾವಾಗ ಹೋಗೋದು ಒಳ್ಳೆಯದು ಅಂತ ಇನ್ನೊಬ್ಬರು ಕೇಳಿದರು. ಮೇ ಮೊದಲ ವಾರದಿಂದ ಜೂನ್ ಮಧ್ಯದವರೆಗೆ. ಹೋಗೋ ಮುಂಚೆ ಆ ವರ್ಷದ ಗ್ರೀಕ್ ಈಸ್ಟರ್ ಯಾವಾಗ ಅಂತ ನೋಡಿಕೊಳ್ಳಿ, ನಮ್ಮ ಕ್ಯಾಲೆಂಡರ್‌ನಲ್ಲಿರೋ ಈಸ್ಟರ್ ಹೆಚ್ಚಿನ ವರ್ಷ ಅದಲ್ಲ. 2024ರಲ್ಲಿ ಮೇ 5ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಅದರ ಮೇಲೆ ಉಳಿದ ಹಬ್ಬಗಳೆಲ್ಲ ಸರಿಯುತ್ತವೆ.

ಕೊನೆಯ ಪ್ರಶ್ನೆ ನಾನು ಕಾಯುತ್ತಿದ್ದದ್ದೇ: ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು? ಧೈರ್ಯವಾಗಿ ಹೋಗಿ. ಗ್ರೀಕ್ ಸಂಪ್ರದಾಯದಲ್ಲಿ ವ್ರತದ ದಿನಗಳು ಎಷ್ಟಿವೆ ಅಂದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಅವರಿಗೆ ಚೆನ್ನಾಗಿ ಗೊತ್ತು. ಪೆಂಟಕೋಸ್ಟ್ ಆಗಿ ಒಂದು ವಾರದ ಮೇಲೆ ಜೂನ್ 28ರವರೆಗೆ ಅಪೊಸ್ತಲರ ವ್ರತ ಅಂತ ಇನ್ನೊಂದು ಇದೆ. ಹಳದಿ ಬೇಳೆಯ ಗಟ್ಟಿ ಪಪ್ಪು ಸಿಗುತ್ತೆ, ಮೇಲೆ ಈರುಳ್ಳಿ, ಕೇಪರ್ ಹಾಕಿರುತ್ತಾರೆ. ಅನ್ನ ತುಂಬಿ ಬೇಯಿಸಿದ ಟೊಮೇಟೊ ಸಿಗುತ್ತೆ. ಮೇ ತಿಂಗಳಲ್ಲಿ ಎಳೆ ದ್ರಾಕ್ಷಿ ಎಲೆ ಬರುತ್ತೆ, ಅದರೊಳಗೆ ಅಕ್ಕಿ, ಸೊಪ್ಪು ಇಟ್ಟು ಸುತ್ತಿ ಬೇಯಿಸುತ್ತಾರೆ. ಒಳಗೆ ಕೈಮಾ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ. ಸಿಮಿಗೆ ಹೋಗಿ ಅಲ್ಲಿನ ಚಿಕ್ಕ ಸಿಗಡಿ ತಿನ್ನದೆ ಬಂದರೆ ಅಲ್ಲಿನವರಿಗೆ ಬೇಜಾರಾಗುತ್ತೆ. ಸಿಪ್ಪೆ ಸಮೇತ ಹುರಿದು ಕೊಡುತ್ತಾರೆ, ಬೆರಳಲ್ಲಿ ಎತ್ತಿ ಹಾಗೇ ಬಾಯಿಗೆ. ತಿನ್ನೋರು ಅದನ್ನೂ ಬಿಡಬೇಡಿ.